ಬಾಡಿಗೆ ಗಿಡಗಳ ಮಾವ್ಶಿ

ಅವರ ಕೊರಳಲ್ಲಿ ಒಂದು ಕತ್ತರಿ ನೇತಾಡುತ್ತಿತ್ತು. ಕಪ್ಪು ದಾರಕ್ಕೆ ಕಟ್ಟಿದ, ಹಿಡಿಯ ಬಣ್ಣವೆಲ್ಲ ಸವೆದುಹೋದ, ದರ್ಜಿಗಳ ಅಂಗಡಿಯಲ್ಲಿರುವಂಥ ಕತ್ತರಿ. ಮದುವೆಯಾದ ಹೆಂಗಸರಿಗೆ ಕರಿಮಣಿ ಎಲ್ಲಿಯವರೆಗೆ ಇಳಿಯುತ್ತದೋ ಸರಿಯಾಗಿ ಅಲ್ಲಿಯವರೆಗೆ ಅದು ಇಳಿದಿತ್ತು. ನೈಲಾನ್ ಸೀರೆ, ಸೀರೆಯ ಮೇಲೆ ತೀರಿಹೋದ ಗಂಡನ ಉದ್ದ ತೋಳಿನ ಶರ್ಟು, ಶರ್ಟಿನ ಮೇಲೆ ಈ ಕತ್ತರಿ. ಬಗ್ಗಿದಾಗಲೆಲ್ಲ ಅದು ಕುಂಡದ ಅಂಚಿಗೆ ತಾಗಿ ಟಿಣ್ ಎನ್ನುತ್ತಿತ್ತು. ಆಳೆತ್ತರದ ಗಿಡಗಳ ನಡುವೆ ಆ ಗಿಡ್ಡ ಹೆಂಗಸನ್ನು ಹುಡುಕುವುದು ಕಷ್ಟ. ಸದ್ದು ಬಂದ ಕಡೆಗೆ ಹೋದರೆ ಸಿಗುತ್ತಿದ್ದರು.

ವಿಠ್ಠಲವಾಡಿ ಸ್ಟೇಷನ್ನಿನ ಆಚೆ, ಒಂದು ಮಗ್ಗುಲಿಗೆ ರೈಲ್ವೆ ಗೋಡೆ, ಇನ್ನೊಂದು ಮಗ್ಗುಲಿಗೆ ಕೊಳಚೆ ನೀರಿನ ನಾಲಾ ಇದ್ದ ಉದ್ದನೆಯ ಜಾಗ ಅವರ ಯಾರ್ಡು. ಅಲ್ಲಿದ್ದವು ಮಾರುವ ಗಿಡಗಳಲ್ಲ, ಬಾಡಿಗೆಯ ಗಿಡಗಳು. ಅರೆಕಾ ಪಾಮ್, ಬೀಸಣಿಗೆಯಂಥ ಎಲೆಯ ಫ್ಯಾನ್ ಪಾಮ್, ದಪ್ಪ ಎಲೆಯ ರಬ್ಬರ್ ಗಿಡ, ಡ್ರಸೀನಾ. ಬೆಳಿಗ್ಗೆ ಟೆಂಪೋ ಹತ್ತಿ ಕಲ್ಯಾಣ, ಡೊಂಬಿವಲಿ, ಠಾಣೆಯ ಮದುವೆ ಹಾಲ್‌ಗಳಿಗೆ ಹೋಗಿ, ವಧೂವರರ ಅಕ್ಕಪಕ್ಕ ಗಂಭೀರವಾಗಿ ನಿಂತು, ಮರುದಿನ ವಾಪಸು ಬರುತ್ತಿದ್ದವು. ಹೋದ ಹಾಗೆಯೇ ವಾಪಸು ಬರುತ್ತಿರಲಿಲ್ಲ ಎಂಬುದೇ ತೊಂದರೆ. ಫೋಕಸ್ ಲೈಟಿನ ಬಿಸಿಗೆ ಕೆಲವು, ಎ.ಸಿ. ಗಾಳಿಗೆ ಕೆಲವು, ಯಾರೋ ಪುಣ್ಯಾತ್ಮ ಕುಂಡಕ್ಕೆ ಸುರಿದ ಕೋಲ್ಡ್ ಡ್ರಿಂಕಿಗೆ ಕೆಲವು, ಎಲೆಯ ಮೇಲೆ ಕಂದು ಕಲೆ ಹೊತ್ತು ಬರುತ್ತಿದ್ದವು. ಕಲೆ ಬಿದ್ದ ಗಿಡವನ್ನು ಮದುವೆ ಹಾಲ್‌ನವರು ಮುಟ್ಟುವುದಿಲ್ಲ. ಶುಭಕಾರ್ಯಕ್ಕೆ ಬಾಡಿದ್ದು ಬೇಡವಂತೆ. ಹಾಗಾಗಿ ಆ ಕಲೆಗಳ ಜೊತೆ ಗುದ್ದಾಡುವುದೇ ಅವರ ನಿತ್ಯದ ಬದುಕಾಗಿತ್ತು.

ಟೆಂಪೋದವರು, ಹಮಾಲಿಗಳು, ಹಾಲ್‌ನ ಮ್ಯಾನೇಜರುಗಳು ಎಲ್ಲರೂ ಅವರನ್ನು ಮಾವ್ಶಿ ಎನ್ನುತ್ತಿದ್ದರು. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಉಡುಪಿ ಕಡೆಯವರು, ಮನೆಮಾತು ತುಳು, ನಮ್ಮ ಹಾಗೆಯೇ. ಆದರೂ ನಾವು ಕೂಡ ಮಾವ್ಶಿ ಎಂದೇ ಕರೆದೆವು. ಅಮ್ಮ ಒಮ್ಮೆ ಬಾಯಿ ತುಂಬ "ಅಕ್ಕಾ" ಎಂದಾಗ ಅವರು ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡಿದ್ದರು.

ಗಿಡಗಳು ಅವರ ಕೈಗೆ ಬಂದದ್ದೇ ಒಂದು ಕತೆ. ಗಂಡ ಠಾಣೆಯ ಕೋಪರಿಯಲ್ಲಿ ಮದುವೆ ಊಟದ ಕೇಟರಿಂಗ್ ಮಾಡುತ್ತಿದ್ದರು. ಎಲೆ ಎತ್ತುವ ಜಾಗ, ಕೈತೊಳೆಯುವ ಜಾಗ ಬೀಗರ ಕಣ್ಣಿಗೆ ಬೀಳಬಾರದೆಂದು ಅಡ್ಡಕ್ಕೆ ಒಂದಿಷ್ಟು ಪಾಮ್ ಗಿಡ ಇಟ್ಟುಕೊಂಡಿದ್ದರು. ಅವರು ಎದೆನೋವಿನಿಂದ ಹಠಾತ್ತನೆ ಹೋದ ಮೇಲೆ ವ್ಯವಹಾರ ಮೈದುನನ ಕೈಗೆ ಹೋಯಿತು. "ಕಡಾಯಿ ಅವನಿಗೆ, ಸ್ಟವ್ವು ಅವನಿಗೆ, ಗಿರಾಕಿಯೂ ಅವನಿಗೆ. ಗಿಡ ಯಾರಿಗೂ ಬೇಡ ಇತ್ತು, ನನಗೆ ಬಂತು" ಎಂದು ಮಾವ್ಶಿ ನಗುತ್ತ ಹೇಳುತ್ತಿದ್ದರು. ಆ ನಗುವಿನಲ್ಲಿ ಸಿಟ್ಟು ಇತ್ತೋ ಇಲ್ಲವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಮಕ್ಕಳಿರಲಿಲ್ಲ. ಊರಿಗೆ ಹೋಗಿ ಅಣ್ಣನ ಮನೆಯ ಜಗಲಿಯಲ್ಲಿ ಕೂರುವುದರ ಬದಲು ಕೈತೊಳೆಯುವ ಜಾಗದ ಗಿಡಗಳನ್ನು ಕಟ್ಟಿಕೊಂಡು ವಿಠ್ಠಲವಾಡಿಗೆ ಬಂದುಬಿಟ್ಟರು.

ನಾನು ಅವರ ಯಾರ್ಡಿಗೆ ಕಾಲಿಟ್ಟದ್ದು ಎರಡು ಸಾವಿರ ಇಸವಿಯ ನಂತರದ ಮೊದಲ ವರ್ಷಗಳಲ್ಲಿ, ಗಂಡನ ಮನೆ ಬಿಟ್ಟು ಬಂದಿದ್ದಾಗ. ಮದುವೆಯಾಗಿ ಹೋದದ್ದು ಕಾಮೋಠೆಗೆ. ಆಗಷ್ಟೇ ಎದ್ದು ನಿಲ್ಲುತ್ತಿದ್ದ ಕಟ್ಟಡಗಳ ನಡುವೆ ಹೊಸ ಫ್ಲ್ಯಾಟು, ಹೊಸ ಫ್ರಿಜ್ಜು, ಕೈ ಎತ್ತುವ ಗಂಡ. ಮೊದಲ ಸಲ ಹೊಡೆದಾಗ ಅತ್ತೆ ಬಾಗಿಲು ಹಾಕಿದರು, ಪಕ್ಕದ ಮನೆಯವರಿಗೆ ಕೇಳಬಾರದೆಂದು. ಆಮೇಲಾಮೇಲೆ ಬಾಗಿಲು ಮೊದಲೇ ಹಾಕಿರುತ್ತಿತ್ತು. ಒಂದು ಮಧ್ಯಾಹ್ನ ನಾನು ಕೈಚೀಲ ಹಿಡಿದು ಬಸ್ಸು, ಲೋಕಲ್ ರೈಲು ಹತ್ತಿ ವಿಠ್ಠಲವಾಡಿಯ ನಮ್ಮ ಒಂದು ಕೋಣೆ, ಅಡಿಗೆಮನೆಯ ಬಾಡಿಗೆ ಮನೆಗೆ ಬಂದೆ. ಅಪ್ಪ ಉಲ್ಲಾಸನಗರದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು, ಮಾತು ಕಡಿಮೆ. ಅಮ್ಮನಿಗೆ ಮಾತ್ರ ದೇಶಕ್ಕೆಲ್ಲ ಉತ್ತರ ಕೊಡುವ ಹೊಣೆ. ಅಕ್ಕಪಕ್ಕದವರಿಗೆ, ಭಜನೆಗೆ ಬರುವವರಿಗೆ, ಊರಿಂದ ಫೋನ್ ಮಾಡಿದವರಿಗೆ ಒಂದೇ ಉತ್ತರ: "ಬ್ಯೂಟಿಷಿಯನ್ ಕೋರ್ಸ್ ಮಾಡ್ಲಿಕ್ಕೆ ಬಂದಿದ್ದಾಳೆ. ಕ್ಲಾಸ್ ಇಲ್ಲೇ ಹತ್ರ ಅಲ್ವಾ."

ನನ್ನನ್ನು ನೋಡಿದರೆ ಬ್ಯೂಟಿಷಿಯನ್ ಅಂತೂ ಅನಿಸುವಂತಿರಲಿಲ್ಲ. ತಲೆ ಬಾಚಿಕೊಳ್ಳುವುದನ್ನೇ ಬಿಟ್ಟಿದ್ದೆ. ಮನೆಯೊಳಗೆ ಕೂತು ಕೂತು ಅಮ್ಮನ ಬಿಸುಸುಯಿಲು ಕೇಳಿಸಿಕೊಳ್ಳಲಾಗದೆ ಒಂದು ದಿನ ಹೊರಗೆ ನಡೆಯುತ್ತ ಯಾರ್ಡಿನ ಗೇಟಿನ ಮುಂದೆ ನಿಂತೆ. ಟಿಣ್ ಎಂದಿತು. ಪಾಮ್ ಗರಿಗಳ ನಡುವಿನಿಂದ ಒಂದು ಮುಖ ನನ್ನನ್ನು ನೋಡಿತು. ತೋಳಿನ ನೀಲಿ ಗುರುತನ್ನೂ ನೋಡಿರಬೇಕು, ನಾನು ಸೆರಗು ಎಳೆದುಕೊಳ್ಳುವ ಮೊದಲೇ.

"ಬಲ, ಕುಲ್ಲು" ಎಂದರು ತುಳುವಿನಲ್ಲಿ. ಬಾ, ಕೂತುಕೋ. ಅಷ್ಟೇ. ಯಾಕೆ ಬಂದೆ, ಯಾವಾಗ ಹೋಗುತ್ತೀ ಎಂದು ಕೇಳದಿದ್ದ ಮೊದಲ ಮನುಷ್ಯರು ಅವರು. ಬಕೆಟ್ಟನ್ನು ಬೋರಲು ಹಾಕಿ ಕೊಟ್ಟರು, ಅದರ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಕಪ್ಪು ದಾರ ಕಟ್ಟಿದ ಒಂದು ಕತ್ತರಿಯನ್ನೂ ಕೊಟ್ಟರು, ಅವರ ಹಾಗೆಯೇ ಕೊರಳಿಗೆ ಹಾಕಿಕೊಂಡೆ.

ಮೊದಲ ದಿನವೇ ಬೈಸಿಕೊಂಡೆ. ಹಿಂದಿನ ದಿನ ಮದುವೆಯಿಂದ ಬಂದ ಅರೆಕಾ ಪಾಮ್ ಒಂದರಲ್ಲಿ ಗರಿಗರಿಯಲ್ಲೂ ಕಂದು ಚುಕ್ಕಿ. ನಾನು ಕಲೆ ಕಂಡಲ್ಲೆಲ್ಲ ಕತ್ತರಿ ಹಾಕುತ್ತ ಹೋದೆ. ಮನಸ್ಸಿನ ಕೋಪವೆಲ್ಲ ಕೈಗೆ ಇಳಿದಿತ್ತೋ ಏನೋ, ಕತ್ತರಿಸುವುದು ಬಹಳ ಹಿತವಾಗಿತ್ತು. ಮಾವ್ಶಿ ಓಡಿ ಬಂದು ಕೈ ಹಿಡಿದರು.

"ಎಂತ ಮಾರಾಯ್ತಿ, ಗಿಡವನ್ನೇ ಬೋಳಿಸ್ತಿಯಾ? ಎಲ್ಲ ತೆಗೆದ್ರೆ ಅದು ಉಣ್ಣುದು ಎಲ್ಲಿಂದ? ಅರ್ಧ ಹಸಿರು ಉಂಟಲ್ಲ, ಅದೇ ಈಗ ಅದಕ್ಕೆ ಅನ್ನ ಹಾಕುದು. ಪೂರ್ತಿ ಸತ್ತದ್ದನ್ನು ಮಾತ್ರ ತೆಗಿ."

"ಕಲೆ ಹೋಗುವುದಿಲ್ಲವಾ ಹಾಗಾದರೆ?"

"ಕಲೆ ಹೋಗ್ಲಿಕ್ಕಿಲ್ಲ. ಬಿದ್ದ ಕಲೆ ಯಾರ ಅಪ್ಪ ಬಂದ್ರೂ ಹೋಗ್ಲಿಕ್ಕಿಲ್ಲ. ಅದನ್ನು ಎಂತಕ್ಕೆ ನೋಡ್ತಿ? ಸುಳಿ ನೋಡು."

ಗರಿಗಳ ನಟ್ಟನಡುವೆ, ಇನ್ನೂ ಬಿಚ್ಚದೆ ಈಟಿಯ ಹಾಗೆ ನಿಂತಿರುವ ಎಳೆಯ ಗರಿಯೇ ಸುಳಿ. ಅದನ್ನು ಎರಡು ಬೆರಳಲ್ಲಿ ಹಿಡಿದು, ಹಗುರಾಗಿ ಎಳೆದು ನೋಡಬೇಕು. ಕಿತ್ತು ಕೈಗೆ ಬಂದರೆ ಗಿಡ ಹೋಯಿತು. ಗಟ್ಟಿ ನಿಂತಿದ್ದರೆ, ತುದಿ ಚೊಕ್ಕವಿದ್ದರೆ, ಹಳೆಯ ಎಲೆಗಳು ಎಷ್ಟು ಕೆಟ್ಟಿದ್ದರೂ ಚಿಂತೆಯಿಲ್ಲ. ಮಾವ್ಶಿ ದಿನಾ ಬೆಳಿಗ್ಗೆ ಚಾ ಕುಡಿಯುವ ಮೊದಲು ಸುಳಿ ಮುಟ್ಟುತ್ತ ಯಾರ್ಡು ಸುತ್ತುತ್ತಿದ್ದರು. ಜ್ವರ ಬಂದ ಮಕ್ಕಳ ಹಣೆ ಮುಟ್ಟುವ ಹಾಗೆ ಮುಟ್ಟುತ್ತಿದ್ದರು.

ಕಲೆಗಳ ಜಾತಿಯನ್ನೂ ಅವರಿಂದಲೇ ಕಲಿತೆ. ಬಿಸಿಲಿಗೆ ಸುಟ್ಟದ್ದು ಕಾಗದದಂತೆ ಒಣಗಿರುತ್ತದೆ, ಬಿಸಿಲು ಬಿದ್ದ ಮಗ್ಗುಲಿಗೆ ಮಾತ್ರ. ನೀರಿನ ಉಪ್ಪಿಗೆ ತುದಿಗಳು ಮಾತ್ರ ಕಂದಾಗುತ್ತವೆ. ಕಂದು ಚುಕ್ಕಿಯ ಸುತ್ತ ಹಳದಿ ಬಳೆ ಕಂಡರೆ ಅದು ಬೂಷ್ಟು, ಅದಕ್ಕೆ ಹೆದರಬೇಕು; ಪಕ್ಕದ ಗಿಡಕ್ಕೂ ದಾಟುತ್ತದೆ. ಅಂಥ ಗಿಡವನ್ನು ಬೇರೆ ಮಾಡಿ ಗಾಳಿ ಆಡುವಲ್ಲಿ ಇಡಬೇಕು, ಬಿದ್ದ ಎಲೆಗಳನ್ನು ಕುಂಡದಲ್ಲಿ ಬಿಡದೆ ಆರಿಸಿ ಸುಡಬೇಕು, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಮುಂದಿನ ಗಿಡಕ್ಕೆ ಹೋಗಬಾರದು. ನೀರು ಬೆಳಿಗ್ಗೆಯೇ, ಅದೂ ಬುಡಕ್ಕೇ. ಹಮಾಲಿಗಳು ಸಂಜೆ ಪೈಪು ಹಿಡಿದು ತಲೆಯಿಂದ ನೀರು ಬಿಟ್ಟರೆ ಮಾವ್ಶಿಯ ಬಾಯಿಂದ ಮರಾಠಿ, ಹಿಂದಿ, ತುಳು ಮೂರೂ ಒಟ್ಟಿಗೆ ಹೊರಡುತ್ತಿದ್ದವು.

ಹಾಗೆಂದು ಅವರಿಗೆ ಎಲ್ಲ ಗೊತ್ತಿತ್ತು ಎಂದೇನೂ ಅಲ್ಲ. ಬಹಳ ವರ್ಷ ಅವರು ಕಲೆಗಳಿಗೆ ಹೆಂಗಸರು ಹೊಡೆದುಕೊಳ್ಳುವ ಸೆಂಟೇ ಕಾರಣವೆಂದು ನಂಬಿದ್ದರು. ಒಂದು ಮಳೆಗಾಲ ನಾಲಾದ ನೀರು ಯಾರ್ಡಿಗೆ ನುಗ್ಗಿ, ಇಳಿದ ಮೇಲೆ ಸಾಲುಸಾಲಾಗಿ ಬೂಷ್ಟು ಹತ್ತಿತು. ಮಾವ್ಶಿ ಮೈಲುತುತ್ತು ತಂದು, ಸುಣ್ಣದ ನೀರಿಗೆ ಕಲಸಿ, ಅವಸರದಲ್ಲಿ ತುತ್ತು ಜಾಸ್ತಿ ಮಾಡಿ ಹೊಡೆದರು. ಬೂಷ್ಟು ಸತ್ತಿತು. ಜೊತೆಗೆ ಒಂದು ಸಾಲು ಡ್ರಸೀನಾ ಕೂಡ ಸುಟ್ಟು ಕರಕಲಾಯಿತು. ನಾನು ಅಳುವುದೊಂದು ಬಾಕಿ. ಅವರು ಸೊಂಟಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿ, "ಔಷಧಿ ಪಕ್ಕಾ ಉಂಟು ನೋಡು, ರೋಗಿಯನ್ನೂ ಬಿಡ್ಲಿಲ್ಲ" ಎಂದು ಚಾಕ್ಕೆ ನೀರಿಟ್ಟರು. ಮರುದಿನ ಆ ಸಾಲನ್ನು ಬುಡಸಮೇತ ಕಿತ್ತು ಹಾಕಿದೆವು. ಆ ದಿನ ಅವರು ಊಟ ಮಾಡಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಅವರ ನಗು ನಿಲ್ಲುತ್ತಿತ್ತು. ಕಲ್ಯಾಣದ ಡೆಕೊರೇಟರ್ ಒಬ್ಬ ನಮ್ಮಿಂದ ಗಿಡ ಒಯ್ಯುತ್ತಿದ್ದ. ಒಮ್ಮೆ ಅವನ ಹಾಲ್‌ಗೆ ಹೋದಾಗ ನೋಡುತ್ತೇವೆ, ರಬ್ಬರ್ ಗಿಡದ ಕಲೆಗಳ ಮೇಲೆಲ್ಲ ಬ್ರಷ್ಷಿನಲ್ಲಿ ಹಸಿರು ಪೇಂಟ್ ಹಚ್ಚಿಸಿದ್ದಾನೆ. ದೂರಕ್ಕೆ ಥಳಥಳ. ಮಾವ್ಶಿ ಎಲೆಗೆ ಹೆಬ್ಬೆರಳು ಒತ್ತಿದರು, ಬೆರಳು ಹಸಿರಾಯಿತು. "ಉಸಿರು ಕಟ್ತದಲ್ಲ ಅದಕ್ಕೆ" ಎಂದರು, ಮೆಲ್ಲಗೆ. ಹಾಲ್‌ನವರು ಕೈಮುಗಿದರೂ ಕೇಳದೆ ಗಿಡಗಳನ್ನು ಟೆಂಪೋಗೆ ಹೇರಿಸಿ ವಾಪಸು ತಂದರು. ದಾರಿಯುದ್ದಕ್ಕೂ ಒದ್ದೆ ಬಟ್ಟೆಯಿಂದ ಪೇಂಟ್ ತಿಕ್ಕುತ್ತ ಕೂತಿದ್ದರು. ಅವನಿಗೆ ಮತ್ತೆಂದೂ ಗಿಡ ಕೊಡಲಿಲ್ಲ.

ಅವರದೊಂದು ಪದ್ಧತಿ ಇತ್ತು. ಪ್ರತಿ ಗಿಡಕ್ಕೂ ಒಂದು ಮುಖವಿರುತ್ತದೆ ಎನ್ನುತ್ತಿದ್ದರು. ತುಂಬಿಕೊಂಡ, ಚೊಕ್ಕವಾದ ಮಗ್ಗುಲು ಜನರ ಕಡೆಗೆ. ಒಂದೆರಡು ಕಲೆ ಉಳಿದ ಮಗ್ಗುಲು ಗೋಡೆಯ ಕಡೆಗೆ. ಹಾಲ್‌ನಲ್ಲಿ ಕುಂಡಗಳನ್ನು ತಿರುಗಿಸಿ ತಿರುಗಿಸಿ ಮುಖ ಕೂರಿಸುವುದು ಅರ್ಧ ಕೆಲಸ. ಅದು ಮುಗಿದ ಮೇಲೆ ಬೇರೆಯವರಾದರೆ ಹೊರಟುಬಿಡುತ್ತಾರೆ. ಮಾವ್ಶಿ ಹೊರಡುತ್ತಿರಲಿಲ್ಲ. ಪಾಮ್ ಸಾಲಿನ ಹಿಂದೆ, ಕಲೆಗಳ ಮಗ್ಗುಲಲ್ಲಿ, ಗೋಡೆಗೆ ಒತ್ತಿಕೊಂಡು ನಿಂತು ಗರಿಗಳ ಸಂದಿಯಿಂದ ಧಾರೆ ನೋಡುತ್ತಿದ್ದರು. ಗಂಡ ಸತ್ತವರು ಮಂಟಪದ ಹತ್ತಿರ ಸುಳಿಯುವುದು ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬರದ ಹಾಗೆ ಅವರು ನಿಂತುಕೊಳ್ಳುತ್ತಿದ್ದರು. ಗುರುತು ಪರಿಚಯವಿಲ್ಲದ ಮದುಮಗಳ ಕೈಗೆ ನೀರು ಬಿದ್ದ ಕ್ಷಣ ಅವರ ಕಣ್ಣಲ್ಲೂ ನೀರು. "ನಿಮಗೇಕೆ ಇದೆಲ್ಲ" ಎಂದು ಒಮ್ಮೆ ರೇಗಿದೆ. ಮದುವೆ ಎಂದರೆ ಆಗ ನನಗೆ ಮೈ ಉರಿಯುತ್ತಿತ್ತು. "ಚಂದ ಕಾಣ್ತದೆ, ನೋಡ್ತೇನೆ. ನೀನು ನೋಡ್ಬೇಡ, ನನಗೆ ಅಡ್ಡ ನಿಲ್ಬೇಡ" ಎಂದರು.

ನಾನು ಬಂದು ಒಂದು ವರ್ಷ ದಾಟಿರಬಹುದು. ಅಮ್ಮನ ಬ್ಯೂಟಿಷಿಯನ್ ಕೋರ್ಸು ಡಾಕ್ಟರಿಕೆಗಿಂತ ಉದ್ದವಾಗಿ, ಕೇಳುವವರ ತುಟಿಯಲ್ಲಿ ಸಣ್ಣ ನಗು ಹುಟ್ಟಿತ್ತು. ಅಷ್ಟರಲ್ಲಿ ಠಾಣೆಯ ಹಾಲ್ ಒಂದರಿಂದ ದೊಡ್ಡ ಆರ್ಡರ್ ಬಂತು. ಯಾರ ಮದುವೆ ಎಂದು ಕೇಳಿದರೆ, ನನ್ನ ಗಂಡನ ತಮ್ಮನದು.

ಮನೆಯಲ್ಲಿ ಅಮ್ಮ ಕೂತಲ್ಲಿ ಕೂರಲಿಲ್ಲ. "ನೀನು ಅಲ್ಲಿಗೆ ಹೋಗ್ಬೇಡ. ಕುಂಡ ಹೊತ್ತುಕೊಂಡು ಗಂಡನ ಮನೆಯವರ ಎದುರು ನಿಲ್ತಿಯಾ? ನಾಳೆ ಅವರು ಕರೀಲಿಕ್ಕೆ ಬಂದ್ರೆ ಯಾವ ಮುಖ ತೋರಿಸುದು?" ಅಮ್ಮನಿಗೆ ಇನ್ನೂ ಅವರು ಕರೆಯಲು ಬರುತ್ತಾರೆಂಬ ಆಸೆ. ನನಗೆ ಅದೇ ಹೆದರಿಕೆ. ನಾಲ್ಕು ಜನರ ಎದುರು ಚಂದದ ಮಾತಾಡಿ ಕರೆದರೆ ನಾನು ಎದ್ದು ಹೋಗಿಬಿಡುತ್ತೇನೇನೋ ಎಂದು ನನ್ನ ಮೇಲೆಯೇ ನನಗೆ ನಂಬಿಕೆಯಿರಲಿಲ್ಲ. ಹೋದರೆ ಮತ್ತೆ ಆ ಬಾಗಿಲು ಹಾಕಿಕೊಳ್ಳುತ್ತದೆ ಎಂಬುದು ಮಾತ್ರ ಖಂಡಿತ ಗೊತ್ತಿತ್ತು.

ಮಾವ್ಶಿಯನ್ನು ಕೇಳಿದೆ. ಅವರು ರಬ್ಬರ್ ಎಲೆ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. "ಬರುದಾದ್ರೆ ಟೆಂಪೋದಲ್ಲಿ ಮುಂದೆ ಕೂತ್ಕೋ. ಇಲ್ದಿದ್ರೆ ಇಲ್ಲಿ ನೀರು ಹಾಕು. ಎರಡೂ ಕೆಲಸವೇ."

ಬೆಳಿಗ್ಗೆ "ಮಾವ್ಶಿ, ಚಲಾ, ಉಶೀರ್ ಹೋತೋಯ್" ಎಂದು ಟೆಂಪೋದವನು ಹಾರನ್ ಒತ್ತಿದಾಗ ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಹೊತ್ತಾಯಿತೆಂದು ಅವನಿಗೆ ಯಾವತ್ತೂ ಅವಸರ.

ಹಾಲ್‌ನಲ್ಲಿ ಬೇಗ ಬೇಗ ಮುಖ ಕೂರಿಸಿದೆವು. ಬಂದವರು ನನ್ನನ್ನು ಗುರುತಿಸುವ ಮೊದಲೇ ಪಾಮ್ ಸಾಲಿನ ಹಿಂದೆ ಸೇರಿಕೊಂಡೆ. ನಾದಸ್ವರ ಶುರುವಾಯಿತು. ಎಲ್ಲ ಸುಸೂತ್ರ ಎಂದುಕೊಳ್ಳುವಾಗ ಕೊನೆಯ ರಬ್ಬರ್ ಗಿಡದ ಒಂದು ಎಲೆ ಮುರಿದು ಜೋತು ಬಿದ್ದದ್ದು ಕಂಡಿತು. ಅದನ್ನು ತೆಗೆಯಲು ಎರಡು ಹೆಜ್ಜೆ ಮುಂದೆ ಬಂದೆ, ಅಷ್ಟೇ. ಎದುರಿಗೆ ಅತ್ತೆ. ಜರಿ ಸೀರೆ, ಮುಡಿ ತುಂಬ ಮಲ್ಲಿಗೆ. ಅವರ ಹಿಂದೆ ಅವರ ಮಗ, ನನ್ನ ಗಂಡ.

ಅತ್ತೆಗೆ ಮೊದಲು ಆಶ್ಚರ್ಯ, ಆಮೇಲೆ ಸಿಟ್ಟು, ಆಮೇಲೆ ಏನೋ ಹೊಳೆದು ಮುಖ ಮೆತ್ತಗಾಯಿತು. ನನ್ನ ಕೈ ಹಿಡಿದರು. "ಒಳ್ಳೆ ಸಮಯಕ್ಕೆ ಬಂದಿ. ದೊಡ್ಡ ಸೊಸೆ ಎಲ್ಲಿ, ದೊಡ್ಡ ಸೊಸೆ ಎಲ್ಲಿ ಅಂತ ಕೇಳಿ ಕೇಳಿ ಜನ ನನ್ನ ಜೀವ ತಿಂದ್ರು. ಮೇಲಿನ ರೂಮಲ್ಲಿ ಸೀರೆ ಉಂಟು, ಉಟ್ಕೊಂಡು ಬಾ. ಫ್ಯಾಮಿಲಿ ಫೋಟೋ ಈಗ ತೆಗೀತಾರೆ. ಕೋರ್ಸ್ ಮುಗೀತು ಅಂತ ಹೇಳಿದ್ರಾಯ್ತು. ಮೊದ್ಲು ಈ ಕತ್ತರಿ ತೆಗಿ, ಶುಭಕಾರ್ಯದಲ್ಲಿ ಕೊರಳಿಗೆ ಕಬ್ಬಿಣ ಎಂತದ್ದು."

ಅವರ ಮಗ ಆಚೆ ಈಚೆ ನೋಡಿ ಸಣ್ಣ ದನಿಯಲ್ಲಿ ಹೇಳಿದ: "ಚಲ್ ನಾ. ಸಬ್ ದೇಖ್ ರಹೇ ಹೈಂ."

ಎಲ್ಲರೂ ನೋಡುತ್ತಿದ್ದರು ನಿಜ. ಹತ್ತಿರದ ಸಾಲಿನ ಹೆಂಗಸರು ನನ್ನನ್ನು ಕಂಡು ನಕ್ಕರು, ಪ್ರೀತಿಯಿಂದಲೇ. ಆ ನಗು ನೋಡಿ ನನ್ನ ಗಟ್ಟಿತನವೆಲ್ಲ ಕರಗಿತು. ಒಂದು ಸೀರೆ, ಒಂದು ಫೋಟೋ. ಅಮ್ಮ ತಲೆಯೆತ್ತಿ ನಡೆಯಬಹುದು. ನನ್ನ ಕೈ ತಾನಾಗಿ ಕೊರಳ ದಾರಕ್ಕೆ ಹೋಯಿತು.

ಹಿಂದಿನಿಂದ ಟಿಣ್ ಎಂದಿತು. ಗರಿ ಸರಿಸಿ ಮಾವ್ಶಿ ಹೊರಗೆ ಬಂದರು. ಮದುವೆಯ ಹಾಲ್‌ನಲ್ಲಿ ಅವರು ಪಾಮ್ ಸಾಲಿನ ಮುಂದೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹೋಗುದಾದ್ರೆ ಹೋಗು ಮಗಾ" ಎಂದರು. "ನಾನು ಹಿಡಿಯುದಿಲ್ಲ. ಕತ್ತರಿ ಮಾತ್ರ ಕೊಟ್ಟು ಹೋಗು. ಈ ರಬ್ಬರ್ ಗಿಡದ ಕೆಲಸ ಬಾಕಿ ಉಂಟು."

ಕೈ ಚಾಚಿ ನಿಂತರು. ಅವರ ಕೊರಳಲ್ಲಿ ಅವರದೇ ಕತ್ತರಿ ನೇತಾಡುತ್ತಿತ್ತು. ನನ್ನದು ಅವರಿಗೆ ಬೇಕಾಗಿರಲಿಲ್ಲ. ನಾನು ಆ ಚಾಚಿದ ಕೈ ನೋಡಿದೆ. ಉಗುರುಗಳ ಸುತ್ತ ಮೈಲುತುತ್ತಿನ ನೀಲಿ, ಬೆರಳ ಸಂದಿಯಲ್ಲಿ ಮಣ್ಣು. ಆ ಕೈಗೆ ಕತ್ತರಿ ಕೊಡಲು ನನ್ನಿಂದ ಆಗಲಿಲ್ಲ. ಕೊಟ್ಟುಬಿಟ್ಟರೆ ನನ್ನದು ಎನ್ನುವಂಥದ್ದು ಮೈಮೇಲೆ ಏನೂ ಉಳಿಯುವುದಿಲ್ಲ ಎನಿಸಿತು.

"ನನಗೆ ಕೆಲಸ ಇದೆ" ಎಂದೆ. ಮುರಿದ ಎಲೆಗೆ ಕತ್ತರಿ ಹಾಕಿದೆ. ರಬ್ಬರ್ ಗಿಡದ ಬಿಳಿ ಹಾಲು ಕೈಮೇಲೆ ಇಳಿಯಿತು.

ಅತ್ತೆಯ ಮುಖ ಮೊದಲಿನ ಹಾಗಾಯಿತು. "ಕೂಲಿ ಮಾಡ್ಲಿಕ್ಕೆ ನಮ್ಮ ಮನೆ ಬಿಟ್ಟದ್ದಾ?"

ಉತ್ತರ ಕೊಟ್ಟದ್ದು ಮಾವ್ಶಿ, ಬಹಳ ಮರ್ಯಾದೆಯಿಂದ. "ಕೂಲಿಯೇ ಅಕ್ಕ. ಗಿಡಕ್ಕೆ ಬಾಡಿಗೆ ಉಂಟು, ನಮಗೆ ಸಂಬಳ ಉಂಟು. ನಾವು ಯಾರೂ ಇಲ್ಲಿ ಪುಕ್ಕಟೆ ನಿಂತದ್ದಲ್ಲ. ನೀವು ಹೋಗಿ, ಮುಹೂರ್ತ ಆಯ್ತು."

ಮತ್ತೆ ಪಾಮ್ ಸಾಲಿನ ಹಿಂದೆ ಹೋದೆವು. ಮಾವ್ಶಿ ನನ್ನ ಮಣಿಕಟ್ಟು ಹಿಡಿದುಕೊಂಡು, ಕಣ್ಣು ಮಾತ್ರ ಗರಿಗಳ ಸಂದಿಯಿಂದ ಮಂಟಪದ ಮೇಲೆ ನೆಟ್ಟು, ಧಾರೆ ಮುಗಿಯುವವರೆಗೆ ನಿಂತರು. ಅಷ್ಟಾದರೂ ಆ ಮದುಮಗಳಿಗಾಗಿ ಅವರ ಕಣ್ಣು ತುಂಬಿತು. ವಾಪಸು ಬರುವಾಗ ಶಿಳ್ ಫಾಟಾ ಎಂಬ ಕೂಡುರಸ್ತೆಯಲ್ಲಿ ಟೆಂಪೋ ನಿಲ್ಲಿಸಿ ವಡಾಪಾವ್ ತೆಗೆಸಿಕೊಟ್ಟರು. ಹಸಿಮೆಣಸು ಕಚ್ಚಿ ನನ್ನ ಕಣ್ಣಲ್ಲಿ ನೀರು ಬಂದಾಗ "ಮೆಣಸು ಖಾರ ಉಂಟು" ಎಂದು ಬೇರೆ ಕಡೆ ನೋಡಿದರು.

ಸುದ್ದಿ ನಮಗಿಂತ ಮೊದಲು ಮನೆ ತಲುಪಿತ್ತು. ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಭಜನೆಯ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, ಮಗಳ ಕೋರ್ಸು ಎಲ್ಲಿಗೆ ಬಂತು ಎಂದು ರಾಗ ಎಳೆದರು. ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಕೋರ್ಸೂ ಇಲ್ಲ, ಎಂತದೂ ಇಲ್ಲ. ಅವ ಹೊಡೀತಿದ್ದ, ಬಿಟ್ಟು ಬಂದ್ಲು. ಈಗ ಕೆಲಸಕ್ಕೆ ಹೋಗ್ತಾಳೆ" ಎಂದರು. ಅಡಿಗೆಮನೆಯ ಒಳಗಿದ್ದ ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಬಿಟ್ಟು ಬಂದ ಮೇಲೆ ಹಾಗೆ ಹಗುರಾಗಿ ಅತ್ತದ್ದು ಅದೇ ಮೊದಲು.

ಆಮೇಲೆ ಕೋರ್ಟಿನಲ್ಲಿ ನಮ್ಮ ಸಂಬಂಧ ಮುಗಿಯಿತು. ನಾನು ಯಾರ್ಡಿನಲ್ಲೇ ಬೆಳೆದೆ. ಮಾವ್ಶಿಗೆ ಸಕ್ಕರೆ ಕಾಯಿಲೆ ಬಂದು ಕಾಲು ಸೋತ ಮೇಲೆ ಟೆಂಪೋದ ಮುಂದಿನ ಸೀಟು ನನ್ನದೇ ಆಯಿತು. ಕಾಮೋಠೆಯ ಹೊಸ ಹಾಲ್‌ಗಳಿಂದ ಆರ್ಡರ್ ಬಂದಾಗ ಮೊದಮೊದಲು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈಗ ಅಲ್ಲಿಯೇ ನನ್ನ ಎರಡನೆಯ ಯಾರ್ಡು ಇದೆ. ಹಳೆಯ ಫ್ಲ್ಯಾಟಿನ ರಸ್ತೆಯಲ್ಲಿ ಟೆಂಪೋ ಹೋಗುವಾಗ ನಾನು ತಲೆ ತಗ್ಗಿಸುವುದಿಲ್ಲ. ಇದೆಲ್ಲ ಯಾರಿಂದ ಆಯಿತು ಎಂದು ನನಗೆ ಗೊತ್ತಿದೆ, ಬಾಯಿಬಿಟ್ಟು ಅವರಿಗೆ ಹೇಳಲು ಹೋದಾಗಲೆಲ್ಲ "ಆಯ್ತಾಯ್ತು, ಬೂಷ್ಟಿನ ಗಿಡ ಬೇರೆ ಇಟ್ಟಿದ್ದಿಯಾ?" ಎಂದು ಮಾತು ತಿರುಗಿಸುತ್ತಿದ್ದರು.

ಕೊನೆಯ ತಿಂಗಳುಗಳಲ್ಲಿ ಯಾರ್ಡಿನ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಕಣ್ಣು ಮಂಜಾಗಿತ್ತು. ನಾನು ಬೆಳಿಗ್ಗೆ ಸುತ್ತು ಹಾಕಿ ಬಂದ ಕೂಡಲೇ ಒಂದೇ ಪ್ರಶ್ನೆ: "ಸುಳಿ ಹೇಗುಂಟು?" ಚೊಕ್ಕ ಇದೆ ಎಂದರೆ ಚಾ ಕುಡಿಯುತ್ತಿದ್ದರು. ಒಂದು ಬೆಳಿಗ್ಗೆ ನಾನು ಬಂದಾಗ ಪ್ರಶ್ನೆ ಬರಲಿಲ್ಲ. ಚೊಕ್ಕ ಇದೆ ಎಂದು ನಾನಾಗಿಯೇ ಹೇಳಿದೆ, ಚಾ ತಣ್ಣಗಾಯಿತು.

ಬೊಜ್ಜದ ಊಟವನ್ನು, ಎಂದರೆ ಉತ್ತರಕ್ರಿಯೆಯ ಊಟವನ್ನು, ಮಾವ್ಶಿಯ ಮೈದುನ ಹೊತ್ತುಕೊಂಡರು, ಕೋಪರಿಯ ಹಳೆಯ ಹಾಲ್‌ನಲ್ಲಿ. ನಾನು ಗಿಡ ತರುತ್ತೇನೆ ಎಂದಾಗ ಅವರಿಗೆ ಕಸಿವಿಸಿ. "ಬೊಜ್ಜಕ್ಕೆ ಯಾರು ಪಾಮ್ ಇಡ್ತಾರೆ ಮಾರಾಯ್ತಿ? ಮದುವೆಯಾ ಇದು?" ನಾನು ಕೇಳಲಿಲ್ಲ.

ಫೋಟೋದ್ದೇ ಫಜೀತಿಯಾಯಿತು. ಊರಿನ ಅಷ್ಟೂ ಮದುವೆಗಳಿಗೆ ಹೋದ ಹೆಂಗಸಿನದು ಒಂದು ಫೋಟೋ ಇಲ್ಲ. ಕೊನೆಗೆ ಆ ಹಾಲ್‌ನ ಫೋಟೋಗ್ರಾಫರ್, ಮಾವ್ಶಿಯ ಕೈಯಿಂದ ಎಷ್ಟೋ ಸಲ ಚಾ ಕುಡಿದವರು, ತಮ್ಮ ಹಳೆಯ ಪ್ರಿಂಟುಗಳನ್ನೆಲ್ಲ ಕೆದಕಿ ಒಂದನ್ನು ತಂದರು. ಯಾರದೋ ಮದುವೆ, ಎದುರಿಗೆ ಹಾರ ಹಾಕಿಕೊಂಡ ವಧೂವರರು, ಹಿಂದೆ ಪಾಮ್ ಗರಿಗಳ ಸಂದಿಯಲ್ಲಿ ಒಂದು ಅರ್ಧ ಮುಖ, ಕೊರಳಲ್ಲಿ ಒಂದು ಗೆರೆ ಕಪ್ಪು ದಾರ. ವಧೂವರರನ್ನು ಕತ್ತರಿಸಿ ತೆಗೆದು ಆ ಅರ್ಧ ಮುಖವನ್ನು ದೊಡ್ಡದು ಮಾಡಿಸಿದೆವು. ಬಂದವರೆಲ್ಲ ಫೋಟೋ ಸ್ಪಷ್ಟ ಇಲ್ಲ ಎಂದರು. ಕಣ್ಣು ತುಂಬಿದ್ದದ್ದು ನನಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಟೆಂಪೋಗೆ ಹೇರುವಾಗ ಹಮಾಲಿಗಳು ಮದುವೆಗೆ ಸಿದ್ಧವಿದ್ದ ಮುಂದಿನ ಸಾಲಿಗೆ ಕೈ ಹಾಕಿದರು. ಅವು ಬೇಡ ಎಂದೆ. ನೆರಳುಬಲೆಯ ಕೆಳಗೆ ಸುಧಾರಿಸಿಕೊಳ್ಳುತ್ತಿದ್ದ ಹಿಂದಿನ ಸಾಲಿನ ಗಿಡಗಳನ್ನು ಹೇರಿಸಿದೆ. ಕಂದು ಕಲೆಯವು, ಅರ್ಧ ಗರಿ ಕಳೆದುಕೊಂಡವು, ಯಾವ ಹಾಲ್‌ನವರೂ ಕೇಳದವು. ಇವನ್ನೇ ಅಲ್ಲವೇ ಅವರು ದಿನಾ ಚಾಕ್ಕೆ ಮೊದಲು ಮುಟ್ಟಿ ನೋಡುತ್ತಿದ್ದದ್ದು.

ಹಾಲ್‌ನಲ್ಲಿ ಮ್ಯಾನೇಜರು ಅಭ್ಯಾಸಬಲದಿಂದ ಒಂದು ಕುಂಡವನ್ನು ತಿರುಗಿಸಲು ಹೋದರು, ಕಲೆಯ ಮಗ್ಗುಲು ಗೋಡೆಗೆ ಬರುವ ಹಾಗೆ.

"ಹಾಗೇ ಇರಲಿ" ಎಂದೆ.

ಗಿಡಗಳನ್ನೆಲ್ಲ ಗೋಡೆಯ ಉದ್ದಕ್ಕೆ ನಿಲ್ಲಿಸಿ, ಒಂದೊಂದರ ಸುಳಿ ಮುಟ್ಟಿ ನೋಡಿದೆ. ಆಮೇಲೆ ಒಂದು ಕುರ್ಚಿ ತರಿಸಿ, ಸಾಲಿನ ಮುಂದೆ, ಹಾಲ್‌ನ ನಟ್ಟನಡುವೆ ಇಟ್ಟು, ಅದರ ಮೇಲೆ ಅವರ ಫೋಟೋ ಕೂರಿಸಿದೆ. ಆ ಒಂದು ದಿನ ಪಾಮ್‌ಗಳು ಅವರ ಹಿಂದೆ ನಿಂತವು.